‘ನಮಗೇನೂ ಬೇಡ, ಊಟ ಮಾತ್ರ ಚೆನ್ನಾಗಿರಲಿ’

ಬೆಂಗಳೂರಿನ ನಮ್ಮ ಸಮುದಾಯದ ಮನೆಗಳಲ್ಲಿ ಮದುವೆಯ ಮಾತುಕತೆ ಕೊನೆಯ ಹಂತಕ್ಕೆ ಬಂದಾಗ ವರನ ಕಡೆಯ ಹಿರಿಯರೊಬ್ಬರು ತಪ್ಪದೆ ಒಂದು ಮಾತನ್ನು ಹೇಳುತ್ತಾರೆ: “ಅಲ್‌ಹಮ್ದುಲಿಲ್ಲಾಹ್, ನಮಗೇನೂ ಬೇಡ. ಅಲ್ಲಾಹನು ಕೊಟ್ಟದ್ದು ಸಾಕಷ್ಟಿದೆ. ಬರುವವರಿಗೆ ಊಟ ಮಾತ್ರ ಚೆನ್ನಾಗಿರಲಿ.” ಸುತ್ತ ಕುಳಿತವರೆಲ್ಲ ಮೆಚ್ಚುಗೆಯಿಂದ ತಲೆದೂಗುತ್ತಾರೆ. ವರದಕ್ಷಿಣೆ ಕೇಳದ ಸಂಭಾವಿತ ಕುಟುಂಬ ಸಿಕ್ಕಿತೆಂದು ಹೆಣ್ಣಿನ ಮನೆಯವರು ಅಲ್ಲಾಹನನ್ನು ಸ್ತುತಿಸುತ್ತಾರೆ. ಆದರೆ ಆ ರಾತ್ರಿ ವಧುವಿನ ತಂದೆಗೆ ನಿದ್ದೆ ಬರುವುದಿಲ್ಲ. ‘ಬರುವವರು’ ಎಂದರೆ ಎಷ್ಟು ಮಂದಿ, ‘ಚೆನ್ನಾಗಿ’ ಎಂದರೆ ಎಷ್ಟು ಬಗೆಯ ಖಾದ್ಯ ಎಂಬ ಲೆಕ್ಕ ಅವರ ತಲೆಯಲ್ಲಿ ಆಗಲೇ ಆರಂಭವಾಗಿರುತ್ತದೆ.

ಅಂಥ ಒಬ್ಬ ತಂದೆಯನ್ನು ನಾವು ಹತ್ತಿರದಿಂದ ಬಲ್ಲೆವು. ನಮ್ಮ ಮಹಲ್ಲಾದವರು. ಟಯರ್ ರಿಪೇರಿಯ ಸಣ್ಣ ಅಂಗಡಿಯೊಂದರಲ್ಲಿ ದುಡಿಯುವವರು. ಹಿರಿಯ ಮಗಳ ಮದುವೆಗೆಂದು ಹತ್ತು ವರ್ಷಗಳಲ್ಲಿ ಕೂಡಿಟ್ಟಿದ್ದ ಹಣ ಬಟ್ಟೆಬರೆಗೂ ಸ್ವಲ್ಪ ಚಿನ್ನಕ್ಕೂ ಸಾಕಾಗುವಷ್ಟಿತ್ತು. ವರನ ಕಡೆಯಿಂದ ನಾಲ್ಕುನೂರು ಮಂದಿ ಬರುವರೆಂದು ತಿಳಿದಾಗ ಅವರು ಕೈಸಾಲ ಮಾಡಿದರು. ಮದುವೆಯ ದಿನ ಐನೂರು ಮಂದಿ ಬಂದರು. ಸಭಾಂಗಣದ ಬಾಡಿಗೆ, ಬಿರಿಯಾನಿ, ಕಬಾಬು, ಎರಡು ಬಗೆಯ ಸಿಹಿ, ಐಸ್‌ಕ್ರೀಮು. ಎಲ್ಲವೂ ಚೆನ್ನಾಗಿಯೇ ಇತ್ತು. ನಾವೂ ಉಂಡು ಬಂದೆವು, ಹೊಗಳಿಯೂ ಬಂದೆವು. ಎರಡು ವರ್ಷಗಳ ಬಳಿಕ ಅವರ ಕಿರಿಯ ಮಗಳು ಪದವಿ ವ್ಯಾಸಂಗವನ್ನು ನಡುವೆಯೇ ಬಿಟ್ಟು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗತೊಡಗಿದ್ದಾಳೆಂಬ ಸುದ್ದಿ ಬಂತು. ಕಾರಣ ಕೇಳಿದಾಗ ಅವರು ಹೇಳಿದ್ದಿಷ್ಟೆ: “ಭಾಯ್, ಅವತ್ತಿನ ಊಟದ ಸಾಲ ಇನ್ನೂ ತೀರಿಲ್ಲ.”

ಆ ಊಟದಲ್ಲಿ ನಮ್ಮದೂ ಒಂದು ತಟ್ಟೆಯಿತ್ತು. ಈ ಲೇಖನ ಬರೆಯಲು ನಮ್ಮನ್ನು ಪ್ರೇರೇಪಿಸಿದ್ದು ಆ ಅರಿವೇ ಹೊರತು ಯಾರನ್ನೋ ದೂರುವ ಉದ್ದೇಶವಲ್ಲ.

ಮೊದಲು ಧರ್ಮವು ಏನು ಹೇಳುತ್ತದೆಂಬುದನ್ನು ನೋಡೋಣ. ಇಸ್ಲಾಮಿನಲ್ಲಿ ಮದುವೆಯ ಔತಣವೆಂದರೆ ವಲೀಮಾ. ಅದು ವರನ ಹೊಣೆ. ಮದುವೆಯಾದ ಸಂತೋಷವನ್ನು ಹಂಚಿಕೊಳ್ಳಲು, ಇವರಿಬ್ಬರು ದಂಪತಿಗಳಾದರೆಂದು ಸಮಾಜಕ್ಕೆ ತಿಳಿಸಲು ಅವನು ತನ್ನ ಗಳಿಕೆಯಿಂದ ಉಣಿಸುತ್ತಾನೆ. ವಧುವಿನ ತಂದೆ ನೂರಾರು ಮಂದಿಗೆ ಉಣಬಡಿಸಲೇಬೇಕೆಂಬ ನಿಯಮ ಕುರ್‌ಆನಿನಲ್ಲಿ ಇಲ್ಲ, ಪ್ರವಾದಿಚರ್ಯೆಯಲ್ಲೂ ಇಲ್ಲ. ಮಗಳ ಮದುವೆಯ ಸಂತೋಷಕ್ಕೆ ಒಬ್ಬ ತಂದೆ ತನ್ನ ಇಷ್ಟದಿಂದ ಬಂಧುಗಳಿಗೆ ಊಟ ಹಾಕಿದರೆ ಅದು ಅವನ ಔದಾರ್ಯ. ಆದರೆ ಕೇಳಿ ಹಾಕಿಸಿಕೊಂಡ ಊಟಕ್ಕೆ ಔದಾರ್ಯವೆಂಬ ಹೆಸರು ಸಲ್ಲದು. ವರದಕ್ಷಿಣೆಯನ್ನು ನಗದಿನ ರೂಪದಲ್ಲಿ ಬೇಡವೆಂದು, ಬಿರಿಯಾನಿಯ ರೂಪದಲ್ಲಿ ಪಡೆದಂತಾಯಿತು ಅಷ್ಟೆ. ನಗದು ಪಡೆದಿದ್ದರೆ ಅದು ಕನಿಷ್ಠ ಆ ದಂಪತಿಗಳ ಮನೆಯಲ್ಲಾದರೂ ಉಳಿಯುತ್ತಿತ್ತು. ಇದು ಮೂರು ತಾಸಿನಲ್ಲಿ ಕರಗಿ ಹೋಯಿತು, ಸಾಲ ಮಾತ್ರ ತಂದೆಯ ಹೆಗಲ ಮೇಲೆ ಉಳಿಯಿತು.

ಪ್ರವಾದಿ ಮುಹಮ್ಮದ್(ಸ)ರ ವಲೀಮಾಗಳು ಹೇಗಿದ್ದವೆಂಬುದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಝೈನಬ್(ರ)ರೊಂದಿಗಿನ ವಿವಾಹದಲ್ಲಿ ಒಂದು ಆಡನ್ನು ಕೊಯ್ದು ಉಣಿಸಿದ್ದೇ ಅವುಗಳಲ್ಲಿ ದೊಡ್ಡದೆಂದು ಅನಸ್(ರ) ನೆನಪಿಸಿಕೊಳ್ಳುತ್ತಾರೆ. ಸಫಿಯ್ಯಾ(ರ)ರೊಂದಿಗಿನ ವಿವಾಹ ನಡೆದದ್ದು ಪ್ರಯಾಣದ ನಡುವೆ. ಅಂದು ಚರ್ಮದ ಹಾಸು ಹಾಸಿ, ಖರ್ಜೂರ, ಒಣಗಿದ ಗಿಣ್ಣು ಮತ್ತು ತುಪ್ಪವನ್ನು ಅದರ ಮೇಲೆ ಇಡಲಾಯಿತು. ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಅಬ್ದುರ್‍ರಹ್ಮಾನ್ ಬಿನ್ ಔಫ್(ರ) ಮದುವೆಯಾದ ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ), ಒಂದು ಆಡಿನಿಂದಲಾದರೂ ಸರಿ, ವಲೀಮಾ ಮಾಡಬೇಕೆಂದು ಅವರಿಗೆ ಹೇಳಿದರು. ಅವರು ವ್ಯಾಪಾರದಲ್ಲಿ ಪಳಗಿದವರು, ಮುಂದೆ ಮದೀನಾದ ಅತ್ಯಂತ ಶ್ರೀಮಂತರಲ್ಲಿ ಒಬ್ಬರಾದವರು. ವಲೀಮಾ ಬೇಡವೆಂದು ಇಸ್ಲಾಮ್ ಹೇಳುವುದಿಲ್ಲ, ಮಾಡಬೇಕೆಂದೇ ಹೇಳುತ್ತದೆ. ಮಾಡಲು ಯಾರೂ ಹಿಂಜರಿಯದಷ್ಟು ಅದನ್ನು ಸರಳಗೊಳಿಸಿರುವುದೇ ಅದರ ಸೊಬಗು.

ಇನ್ನೊಂದು ಬೋಧನೆಯಂತೂ ಎದೆಗೆ ನಾಟುವಂಥದ್ದು. ಶ್ರೀಮಂತರನ್ನು ಆಮಂತ್ರಿಸಿ ಬಡವರನ್ನು ಹೊರಗಿಟ್ಟ ವಲೀಮಾದ ಆಹಾರವನ್ನು ಅತ್ಯಂತ ಕೆಟ್ಟ ಆಹಾರವೆಂದು ಹದೀಸ್‌ನಲ್ಲಿ ಬಣ್ಣಿಸಲಾಗಿದೆ. ಗಮನಿಸಬೇಕು: ಅಲ್ಲಿ ಆಹಾರವು ಹಲಾಲ್ ಆಗಿಯೇ ಇದೆ. ಕೊಯ್ದದ್ದೂ ಬಿಸ್ಮಿಲ್ಲಾಹ್ ಹೇಳಿಯೇ. ಆದರೂ ಅದು ಕೆಟ್ಟದ್ದಾಗುತ್ತದೆ. ಏಕೆಂದರೆ ಆಮಂತ್ರಿತರ ಪಟ್ಟಿ ಕೆಟ್ಟಿದೆ. ಹೊಟೇಲಿಗೆ ಹೋದಾಗ ‘ಇದು ಹಲಾಲ್ ತಾನೇ?’ ಎಂದು ಹತ್ತು ಬಾರಿ ವಿಚಾರಿಸುವ ನಾವು, ನಮ್ಮದೇ ಮನೆಯ ಮದುವೆಯ ಪಟ್ಟಿ ಬರೆಯುವಾಗ ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳುತ್ತೇವೆಯೇ?

ಈಗ ಬೆಂಗಳೂರಿನ ಯಾವುದಾದರೂ ಸಭಾಂಗಣಕ್ಕೆ ಹೋಗೋಣ. ರಾತ್ರಿ ಒಂಬತ್ತೂವರೆ. ಊಟದ ಕೋಣೆಯ ಬಾಗಿಲು ತೆರೆಯುತ್ತಲೇ ನೂಕುನುಗ್ಗಲು. ಮೇಜಿಗೆ ಎಂಟು ಮಂದಿಯಂತೆ ಕುಳಿತು ಉಣ್ಣುತ್ತಿರುವಾಗ ಪ್ರತಿಯೊಂದು ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ನಿಂತಿರುತ್ತಾರೆ. ಉಣ್ಣುವವನಿಗೆ ಬೆನ್ನ ಮೇಲೆ ಉಸಿರು ತಾಗುತ್ತಿರುತ್ತದೆ, ನಿಂತವನಿಗೆ ನಾಚಿಕೆ ಕಾಡುತ್ತಿರುತ್ತದೆ. ವೃದ್ಧರು ಮೂಲೆಯಲ್ಲಿ ಒರಗಿ ಕಾಯುತ್ತಾರೆ. ಒಂದು ಕಾಲದಲ್ಲಿ ನೆಲದ ಮೇಲೆ ದಸ್ತರ್‌ಖಾನ್ ಹಾಸಿ, ಒಂದೇ ಹರಿವಾಣದ ಸುತ್ತ ಕುಳಿತು, ಪಕ್ಕದವನ ಕಡೆಗೆ ಒಳ್ಳೆಯ ತುಂಡನ್ನು ಸರಿಸುತ್ತಿದ್ದ ಜನರು ನಾವು. ಅತಿಥಿ ಉಂಡು ತೃಪ್ತನಾಗಿ ಏಳುವವರೆಗೆ ಮನೆಯವರು ಉಣ್ಣುತ್ತಿರಲಿಲ್ಲ. ಇಂದು ಮನೆಯವರು ವೇದಿಕೆಯ ಮೇಲೆ ಫೋಟೋಗೆ ನಿಂತಿರುತ್ತಾರೆ, ಅತಿಥಿ ಕುರ್ಚಿಗಾಗಿ ಹೋರಾಡುತ್ತಿರುತ್ತಾನೆ. ಸಾವಿರ ಮಂದಿಯನ್ನು ಕರೆದು ಒಬ್ಬನನ್ನೂ ಸತ್ಕರಿಸಲಾಗದ ಈ ಸ್ಥಿತಿಯನ್ನು ಆತಿಥ್ಯವೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ಮದೀನಾದಲ್ಲಿ ಒಬ್ಬ ಅನ್ಸಾರಿ ಸಹಾಬಿಯ ಮನೆಗೆ ಹಸಿದ ಅತಿಥಿಯೊಬ್ಬರು ಬಂದ ಘಟನೆಯನ್ನು ನಮ್ಮ ಮಕ್ಕಳೂ ಮದ್ರಸಾದಲ್ಲಿ ಕಲಿತಿರುತ್ತಾರೆ. ಮನೆಯಲ್ಲಿದ್ದದ್ದು ಮಕ್ಕಳಿಗಷ್ಟೇ ಸಾಲುವ ಆಹಾರ. ಮಕ್ಕಳನ್ನು ಮಲಗಿಸಿ, ದೀಪವನ್ನು ಆರಿಸಿ, ತಾವೂ ಉಣ್ಣುತ್ತಿರುವಂತೆ ನಟಿಸಿ ಆ ದಂಪತಿಗಳು ಅತಿಥಿಗೆ ಉಣಿಸಿದರು. ಅತಿಥಿಗೆ ಸಂಕೋಚವಾಗಬಾರದೆಂಬುದಷ್ಟೇ ಅವರ ಕಾಳಜಿಯಾಗಿತ್ತು. ಅವರು ದೀಪ ಆರಿಸಿ ಉಣಿಸಿದರು. ನಾವಾದರೋ ಉಣಿಸಿದ್ದು ಊರಿಗೆಲ್ಲ ಕಾಣಲೆಂದು ದೀಪಾಲಂಕಾರಕ್ಕೇ ಬೇರೆ ಬಿಲ್ಲು ಕೊಡುತ್ತೇವೆ.

ಊಟ ಮುಗಿದ ಮೇಲೆ ಸಭಾಂಗಣದ ಹಿಂಬಾಗಿಲಿಗೆ ಹೋದವರು ಕಡಿಮೆ. ನಾವು ಒಮ್ಮೆ ಹೋಗಿ ನಿಂತೆವು. ಅರ್ಧ ಕಚ್ಚಿಟ್ಟ ಕೋಳಿ ತುಂಡುಗಳು, ಮುಟ್ಟದೆಯೇ ಉಳಿದ ರೊಟ್ಟಿಗಳು, ರಾಶಿರಾಶಿ ಅನ್ನ, ಮುಚ್ಚಳ ತೆರೆದು ಒಂದು ಗುಟುಕು ಕುಡಿದಿಟ್ಟ ನೀರಿನ ಬಾಟಲಿಗಳು, ಎಲ್ಲವೂ ಒಂದೇ ಡ್ರಮ್ಮಿಗೆ ಬೀಳುತ್ತಿದ್ದವು. ಅಲ್ಲಿದ್ದ ಹಿರಿಯ ಬಾವರ್ಚಿಯನ್ನು, ಇಷ್ಟು ಉಳಿಯುವುದೇಕೆಂದು ಕೇಳಿದೆವು. ಅವರ ಉತ್ತರ ಸರಳವಾಗಿತ್ತು. ಸಾವಿರ ಮಂದಿಗೆ ಕರೆಯೋಲೆ ಹೋದರೆ ಎಷ್ಟು ಮಂದಿ ಬರುತ್ತಾರೆಂಬುದು ಯಜಮಾನನಿಗೇ ತಿಳಿದಿರುವುದಿಲ್ಲ. ‘ಊಟ ಸಾಲಲಿಲ್ಲ’ ಎಂಬ ಮಾತಿಗಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಆದ್ದರಿಂದ ಯಜಮಾನ ಎರಡು ದೇಗ್ ಹೆಚ್ಚಿಗೆ ಹೇಳುತ್ತಾನೆ. ಬಾವರ್ಚಿಯೂ ತನ್ನ ಹೆಸರು ಉಳಿಯಲೆಂದು ಅದಕ್ಕೆ ಇನ್ನಷ್ಟು ಸೇರಿಸುತ್ತಾನೆ. ಹಸಿವಿನ ಲೆಕ್ಕದಿಂದಲ್ಲ, ಜನರ ಮಾತಿನ ಭಯದಿಂದ ಅಕ್ಕಿ ಅಳೆಯಲ್ಪಡುತ್ತದೆ.

ಇದು ಕೇವಲ ನಮ್ಮ ಸಮುದಾಯದ ಪಿಡುಗೆಂದು ಹೇಳಿದರೆ ಅನ್ಯಾಯವಾದೀತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ತಂಡವೊಂದು ನಗರದ ಕಲ್ಯಾಣ ಮಂಟಪಗಳಲ್ಲಿ ಅಧ್ಯಯನ ನಡೆಸಿ, ವರ್ಷವೊಂದಕ್ಕೆ ಇಲ್ಲಿನ ಮದುವೆಗಳಲ್ಲಿ 943 ಟನ್ ಉತ್ತಮ ಆಹಾರ ವ್ಯರ್ಥವಾಗುತ್ತಿದೆಯೆಂದು 2012ರಲ್ಲಿ ಅಂದಾಜಿಸಿತ್ತು. ಒಬ್ಬನ ಒಂದು ಹೊತ್ತಿನ ಊಟಕ್ಕೆ ಅರ್ಧ ಕಿಲೋ ಎಂದು ಹಿಡಿದರೂ ಅದು 18 ಲಕ್ಷಕ್ಕೂ ಅಧಿಕ ಊಟ. ಅಂದಿನಿಂದ ಇಂದಿಗೆ ನಗರವೂ ಬೆಳೆದಿದೆ, ಸಭಾಂಗಣಗಳೂ ಬೆಳೆದಿವೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಬಳಕೆದಾರರ ಬಳಿಗೆ ತಲಪಿದ ಆಹಾರದ ಐದನೇ ಒಂದು ಭಾಗದಷ್ಟು ಅದು. ಅದೇ ಜಗತ್ತಿನಲ್ಲಿ 78 ಕೋಟಿಗೂ ಅಧಿಕ ಮಂದಿ ಹಸಿದಿದ್ದರು. ಈ ವ್ಯರ್ಥದಲ್ಲಿ ಎಲ್ಲ ಧರ್ಮದವರೂ ಪಾಲುದಾರರು. ಆದರೆ ತಿನ್ನಿರಿ, ಕುಡಿಯಿರಿ, ಮಿತಿಮೀರದಿರಿ ಎಂಬ ಆದೇಶವನ್ನು ದೇವವಾಣಿಯೆಂದು ನಂಬಿದವರು, ನೆಲಕ್ಕೆ ಬಿದ್ದ ತುತ್ತನ್ನೂ ಎತ್ತಿ ಶುಚಿಗೊಳಿಸಿ ತಿನ್ನಬೇಕೆಂಬ ಬೋಧನೆಯನ್ನು ಪಡೆದವರು, ‘ಎಲ್ಲರೂ ಮಾಡುತ್ತಾರೆ’ ಎಂಬ ಸಮರ್ಥನೆಯ ಹಿಂದೆ ಅಡಗಬಹುದೇ?

ಆ ಡ್ರಮ್ಮಿನ ಆಹಾರ ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸಬೇಕು. ನಗರದ ಕಸವನ್ನು ವರ್ಷಗಟ್ಟಲೆ ಮಂಡೂರಿನಲ್ಲಿ ಸುರಿಯಲಾಯಿತು. ನಾರುವ ಗಾಳಿ, ಕೆಟ್ಟ ನೀರು, ಕಾಯಿಲೆಗಳಿಂದ ಬೇಸತ್ತ ಆ ಗ್ರಾಮಸ್ಥರು ಬೀದಿಗಿಳಿದು ಹೋರಾಡಿದ ಮೇಲೆಯೇ, 2014ರ ಕೊನೆಯಲ್ಲಿ ಅಲ್ಲಿಗೆ ಕಸದ ಲಾರಿಗಳು ಹೋಗುವುದು ನಿಂತಿತು. ಬಳಿಕ ಬೇರೆ ಹಳ್ಳಿಗಳ ಸರದಿ ಬಂತು. ನಾವು ತಟ್ಟೆಯಲ್ಲಿ ಬಿಟ್ಟು ಎದ್ದ ಅನ್ನವು ಇನ್ನೊಬ್ಬರ ಊರಿನ ಬಾವಿಯ ನೀರಿಗೆ ಇಳಿಯುತ್ತದೆ. ನೆರೆಯವನಿಗೆ ಹಾನಿ ಮಾಡುವವನ ಈಮಾನ್ ಪೂರ್ಣವಲ್ಲವೆಂದು ಓದುವಾಗ ನಮ್ಮ ಮನಸ್ಸಿಗೆ ಬರುವುದು ಗೋಡೆಯಾಚೆಯ ಮನೆ ಮಾತ್ರ. ಮಹಾನಗರದಲ್ಲಿ ಬದುಕುವವನ ನೆರೆಹೊರೆ ಮಂಡೂರಿನವರೆಗೂ ಚಾಚಿಕೊಂಡಿರುತ್ತದೆ.

ನೀರಿನ ವಿಷಯವನ್ನೂ ಮರೆಯುವಂತಿಲ್ಲ. ಒಂದು ಕಿಲೋ ಅಕ್ಕಿ ಬೆಳೆಯಲು ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದು ಕುಡಿಯುವ ನಗರ ನಮ್ಮದು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ಕಾರು ತೊಳೆಯುವುದು ಅಪರಾಧವಾದ ಆ ತಿಂಗಳುಗಳಲ್ಲೂ ಮದುವೆಯ ಅನ್ನವನ್ನು ಡ್ರಮ್ಮಿಗೆ ಸುರಿಯುವುದು ಸಹಜವಾಗಿಯೇ ಉಳಿಯಿತು.

ಇದೆಲ್ಲ ಬದಲಾಗಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವೆಂಬುದನ್ನು ನಾವೇ ಒಮ್ಮೆ ಸಾಬೀತುಪಡಿಸಿದ್ದೇವೆ. 2020ರಲ್ಲಿ ಕೊರೋನಾ ನಿರ್ಬಂಧಗಳ ಕಾಲದಲ್ಲಿ ಮದುವೆಗೆ 50 ಮಂದಿ ಮಾತ್ರ ಸೇರಬೇಕೆಂಬ ನಿಯಮ ಬಂತು. ಮನೆಯ ಅಂಗಳದಲ್ಲಿ, ಮಸೀದಿಯ ಒಳಾಂಗಣದಲ್ಲಿ ನಿಕಾಹ್‌ಗಳು ನಡೆದವು. ಖುತ್ಬಾ ಓದಲಾಯಿತು, ಮಹ್ರ್ ಕೊಡಲಾಯಿತು, ಸಾಕ್ಷಿಗಳು ಸಹಿ ಹಾಕಿದರು, ಮನೆಯಲ್ಲಿ ಮಾಡಿದ ಊಟ ಬಡಿಸಲಾಯಿತು. ಆ ದಂಪತಿಗಳು ಇಂದು ಸುಖವಾಗಿದ್ದಾರೆ, ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಐದು ಬಗೆಯ ಸಿಹಿ ಇರಲಿಲ್ಲವೆಂದು ಯಾರ ಮದುವೆಯೂ ಅಪೂರ್ಣವಾಗಲಿಲ್ಲ. ‘ಈ ರೋಗ ಹೋದರೂ ಈ ಪದ್ಧತಿ ಉಳಿಯಲಿ’ ಎಂದು ಎಷ್ಟೋ ಹೆಣ್ಣುಮಕ್ಕಳ ತಂದೆಯರು ಆಗ ಪ್ರಾರ್ಥಿಸಿದ್ದರು. ನಿರ್ಬಂಧ ತೆರವಾದ ಮರುದಿನವೇ ನಾವು ಸಭಾಂಗಣಗಳಿಗೆ ಓಡಿದೆವು. ಸರಕಾರದ ಆದೇಶಕ್ಕೆ ತಲೆಬಾಗಲು ಸಾಧ್ಯವಾದ ನಮಗೆ, ಅಲ್ಲಾಹನ ಆದೇಶಕ್ಕೆ ತಲೆಬಾಗಲು ಏನು ಅಡ್ಡಿ?

ಮದುವೆಯ ಮಾತು ಹೀಗಾದರೆ, ದಿನನಿತ್ಯದ ಹೊರಗಿನ ಊಟದ ಮಾತನ್ನೂ ಆಡಬೇಕಾಗಿದೆ. ಕುಟುಂಬ ಸಮೇತ ಹೊರಗೆ ಹೋಗಿ ಉಣ್ಣುವುದು ತಪ್ಪೆಂದು ನಾವು ಹೇಳುವುದಿಲ್ಲ. ಮಹಾನಗರದ ಎರಡು ಕೋಣೆಯ ಮನೆಯಲ್ಲಿ ನಾಲ್ವರು ಅತಿಥಿಗಳನ್ನು ಕೂರಿಸಲೂ ಜಾಗವಿರುವುದಿಲ್ಲ. ವಾರವಿಡೀ ಒಲೆಯ ಮುಂದೆ ನಿಂತ ಗೃಹಿಣಿಗೆ ಒಂದು ಸಂಜೆ ಬಿಡುವು ಸಿಗುವುದು ಅವಳ ಹಕ್ಕೇ ಸರಿ. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಓದಲು, ದುಡಿಯಲು ಬಂದ ನಮ್ಮ ಯುವಕರಿಗೆ ಹೊಟೇಲೇ ಅಡುಗೆಮನೆ. ಅಲ್ಲಾಹನು ಉತ್ತಮ ವಸ್ತುಗಳನ್ನು ತನ್ನ ದಾಸರಿಗಾಗಿಯೇ ಸೃಷ್ಟಿಸಿರುವನು. ಅವುಗಳನ್ನು ಸವಿಯುವುದು ಧರ್ಮವಿರೋಧಿಯಲ್ಲ. ಪ್ರಶ್ನೆಯಿರುವುದು, ಸವಿಯುವಾಗ ನಾವು ಏನನ್ನು ಮರೆಯುತ್ತೇವೆ ಎಂಬುದರಲ್ಲಿ.

ಈ ಮರೆವು ಹೆಚ್ಚು ಎದ್ದುಕಾಣುವುದು ರಮಝಾನ್‌ನಲ್ಲಿ. ಫ್ರೇಝರ್ ಟೌನಿನ ಮಾಸ್ಕ್ ರೋಡ್‌ಗೆ ಆ ಹೆಸರು ಬಂದದ್ದು ಅಲ್ಲಿರುವ ಹಾಜಿ ಸರ್ ಇಸ್ಮಾಯೀಲ್ ಸೇಠ್ ಮಸೀದಿಯಿಂದ. ಇಂದು ಆ ರಸ್ತೆಯ ಹೆಸರು ಹೇಳಿದರೆ ನಗರದ ಜನರಿಗೆ ನೆನಪಾಗುವುದು ಹಲೀಮ್, ಸಮೋಸಾ, ಪತ್ಥರ್ ಕಾ ಗೋಶ್ತ್. ಶಿವಾಜಿನಗರದ, ಜಾನ್ಸನ್ ಮಾರ್ಕೆಟ್‌ನ ಸಂಜೆಗಳೂ ಹಾಗೆಯೇ. ಇತರ ಧರ್ಮಗಳ ಗೆಳೆಯರು ಅಲ್ಲಿಗೆ ಬಂದು ನಮ್ಮೊಂದಿಗೆ ಉಣ್ಣುವುದು ಸಂತೋಷದ ವಿಷಯ. ಪರಸ್ಪರ ಸಂಶಯವನ್ನು ಬಿತ್ತುವವರು ಹೆಚ್ಚಿರುವ ಈ ದಿನಗಳಲ್ಲಿ ಒಂದೇ ಬಟ್ಟಲಿನ ಸುತ್ತ ಜನರು ಸೇರುವುದನ್ನು ನಾವು ಗೌರವಿಸಬೇಕು. ಆದರೆ ಅವರು ನಮ್ಮಿಂದ ಏನನ್ನು ತಿಳಿದುಕೊಂಡು ಮರಳುತ್ತಾರೆ? ನಮ್ಮ ತಿನ್ನುವಿಕೆಯನ್ನು ಕಂಡಷ್ಟು ನಮ್ಮ ಉಪವಾಸವನ್ನು ಅವರು ಕಂಡಿದ್ದಾರೆಯೇ? ರಮಝಾನ್ ಎಂದರೆ ಹಲೀಮ್‌ನ ತಿಂಗಳೆಂದು ಅವರು ಭಾವಿಸಿದರೆ ಅದು ಅವರ ತಪ್ಪಲ್ಲ.

ಅದೇ ರಸ್ತೆಯ ನಿವಾಸಿಗಳ ಕಷ್ಟವನ್ನೂ ಕೇಳಬೇಕು. ಮಧ್ಯರಾತ್ರಿ ದಾಟಿದರೂ ಮುಗಿಯದ ಗದ್ದಲ, ಮನೆಯ ಗೇಟಿಗೆ ಅಡ್ಡ ನಿಂತ ವಾಹನಗಳು, ಬೆಳಿಗ್ಗೆ ಎದ್ದರೆ ಬಾಗಿಲ ಮುಂದೆ ಎಲುಬು, ಪೇಪರ್ ತಟ್ಟೆ, ಪ್ಲಾಸ್ಟಿಕ್ಕು. ದೂರು ಕೊಟ್ಟವರಲ್ಲಿ ಉಪವಾಸ ಆಚರಿಸುವ ಮುಸ್ಲಿಮರೂ ಇದ್ದರೆ ಆಶ್ಚರ್ಯವಿಲ್ಲ. ದಾರಿಯಿಂದ ತೊಡಕನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದೂ, ದಾರಿಗೂ ಅದರದೇ ಹಕ್ಕುಗಳಿವೆಯೆಂದೂ ಕಲಿಸಿದ ಧರ್ಮದ ಪವಿತ್ರ ತಿಂಗಳಿನಲ್ಲಿ, ಆ ಧರ್ಮದ ಹೆಸರಿನಲ್ಲಿಯೇ ದಾರಿ ಮುಚ್ಚುವುದು ಎಂಥ ವಿಪರ್ಯಾಸ! ಮಸೀದಿಯೊಳಗೆ ತರಾವೀಹ್ ನಡೆಯುತ್ತಿರುವಾಗ ಹೊರಗೆ ನಮ್ಮ ಯುವಕರು ಮೊಬೈಲ್ ಎತ್ತಿ ಕಬಾಬಿನ ವೀಡಿಯೋ ತೆಗೆಯುತ್ತಿರುತ್ತಾರೆ. ಹಗಲಿಡೀ ಹಸಿವನ್ನು ಅಭ್ಯಾಸ ಮಾಡಿದವನು ರಾತ್ರಿ ಅದರ ಸೇಡು ತೀರಿಸಿಕೊಳ್ಳುವುದಾದರೆ ಉಪವಾಸವು ಅವನಿಗೆ ಕಲಿಸಿದ್ದಾದರೂ ಏನು?

ಇದೇ ನಗರದ ಹಲವು ಮಸೀದಿಗಳಲ್ಲಿ ಸಂಜೆ ಗಂಜಿ ಕಾಯಿಸುತ್ತಾರೆ. ಪಾತ್ರೆ ಹಿಡಿದು ಬಂದ ಮಕ್ಕಳು ಮನೆಗೂ ಒಯ್ಯುತ್ತಾರೆ. ಒಳಗೆ ಸಾಲಾಗಿ ಕುಳಿತವರಲ್ಲಿ ಸಾಫ್ಟ್‌ವೇರ್ ಉದ್ಯೋಗಿಯೂ ಇರುತ್ತಾನೆ, ಹಮಾಲಿಯೂ ಇರುತ್ತಾನೆ, ಊರಿಲ್ಲದ ಪ್ರಯಾಣಿಕನೂ ಇರುತ್ತಾನೆ. ಒಂದು ಖರ್ಜೂರ, ಒಂದು ಬಟ್ಟಲು ಗಂಜಿ, ಒಂದು ಲೋಟ ನೀರು. ಯಾರೂ ಅದರ ಫೋಟೋ ತೆಗೆಯುವುದಿಲ್ಲ. ತಾರಾ ಹೊಟೇಲುಗಳ ಇಫ್ತಾರ್ ಕೂಟಗಳಲ್ಲಿ ಗಣ್ಯರು ಗಣ್ಯರಿಗೆ ಖರ್ಜೂರ ತಿನ್ನಿಸುವ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಉಪವಾಸಿಗನಿಗೆ ಪಾರಣೆ ಮಾಡಿಸುವುದರ ಪುಣ್ಯ ದೊಡ್ಡದೆಂಬುದು ನಿಜ. ಆದರೆ ಆ ಪುಣ್ಯಕ್ಕೆ ಆ ಗಂಜಿಯ ಬಟ್ಟಲೇ ಹೆಚ್ಚು ಹತ್ತಿರವಾಗಿ ನಮಗೆ ಕಾಣುತ್ತದೆ.

ನಮ್ಮ ಈ ಮಾತಿಗೆ ಎದುರಾಗುವ ಆಕ್ಷೇಪಗಳನ್ನು ನಾವು ಬಲ್ಲೆವು. “ಹಣ ನನ್ನದು, ಹಲಾಲ್ ಗಳಿಕೆ, ನಿಮಗೇನು?” ಎಂಬುದು ಮೊದಲನೆಯದು. ಹಣ ಅವರದೇ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹಣವನ್ನು ಹೇಗೆ ಗಳಿಸಿದೆ ಎಂಬ ಪ್ರಶ್ನೆಯ ಜೊತೆಗೇ, ಹೇಗೆ ಖರ್ಚು ಮಾಡಿದೆ ಎಂಬ ಪ್ರಶ್ನೆಯೂ ಪರಲೋಕದಲ್ಲಿ ಎದುರಾಗಲಿದೆ. ಅಷ್ಟೇ ಅಲ್ಲ, ಶ್ರೀಮಂತನ ಮದುವೆ ಅವನೊಬ್ಬನದಾಗಿ ಉಳಿಯುವುದಿಲ್ಲ. ಅವನು ಮೂರು ಬಗೆಯ ಕಬಾಬು ಮಾಡಿಸಿದ ವರ್ಷ, ಅವನ ಬೀದಿಯ ಮಧ್ಯಮವರ್ಗದವನು ಎರಡಾದರೂ ಮಾಡಿಸಬೇಕಾಗುತ್ತದೆ. ಅದನ್ನು ಕಂಡ ಬಡವನು ಒಂದಕ್ಕಾಗಿ ಸಾಲ ಮಾಡುತ್ತಾನೆ. ಬೆಂಗಳೂರಿನಲ್ಲಿ ಆರಂಭವಾದ ಹೊಸ ಪದ್ಧತಿ ಮರುವರ್ಷವೇ ಮಂಗಳೂರಿಗೂ ಭಟ್ಕಳಕ್ಕೂ ಕಲಬುರಗಿಗೂ ತಲಪುತ್ತದೆ. ಹಲ್ದಿ, ಮೆಹೆಂದಿಗಳಿಗೂ ಈಗ ಸಭಾಂಗಣ ಬೇಕಾಗಿದೆ. ಶ್ರೀಮಂತನು ತನ್ನ ಶಕ್ತಿಗನುಸಾರ ಖರ್ಚು ಮಾಡುತ್ತಾನೆ, ಬಡವನು ಶ್ರೀಮಂತನ ಶಕ್ತಿಗನುಸಾರ ಖರ್ಚು ಮಾಡಬೇಕಾಗುತ್ತದೆ.

“ಇದರಿಂದ ಅಡುಗೆಯವರಿಗೆ, ಬಡಿಸುವ ಹುಡುಗರಿಗೆ ಕೂಲಿ ಸಿಗುತ್ತದಲ್ಲವೇ?” ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಲಕ್ಷಗಟ್ಟಲೆ ಮೊತ್ತದ ಔತಣದಲ್ಲಿ, ಮಧ್ಯರಾತ್ರಿಯವರೆಗೆ ತಟ್ಟೆ ಎತ್ತಿದ ಹುಡುಗನ ಕೈಗೆ ಬಂದದ್ದೆಷ್ಟೆಂದು ಯಜಮಾನರು ವಿಚಾರಿಸಿದ್ದಾರೆಯೇ? ಅವನು ಉಂಡನೇ ಎಂದಾದರೂ ಕೇಳಿದ್ದಾರೆಯೇ? ಖಾದ್ಯಗಳಲ್ಲಿ ಎರಡನ್ನು ಕಡಿಮೆ ಮಾಡಿ ಆ ಹಣವನ್ನು ದುಡಿದವರ ಕೂಲಿಗೆ ಸೇರಿಸಲಿ. ಅಡುಗೆ ಮಾಡಿ ತಂದ ಸೇವಕನನ್ನು ಜೊತೆಯಲ್ಲಿ ಕೂರಿಸಿ ಉಣಿಸಬೇಕು, ಅದಾಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಮಳೆಯಲ್ಲಿ ನೆನೆದು ಮನೆಬಾಗಿಲಿಗೆ ಬಿರಿಯಾನಿ ತರುವ ಡೆಲಿವರಿ ಹುಡುಗನಿಗೂ ಇದು ಅನ್ವಯಿಸುತ್ತದೆ. ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ನಮ್ಮ ರಾಜ್ಯವು 2025ರಲ್ಲಿ ಕಾನೂನು ತಂದಿತು. ಒಂದು ಲೋಟ ನೀರು, ಒಂದು ಒಳ್ಳೆಯ ಮಾತು ಕೊಡಲು ಯಾವ ಕಾನೂನೂ ಬೇಕಿಲ್ಲ.

“ಉಳಿದದ್ದನ್ನು ಅನಾಥಾಲಯಕ್ಕೆ ಕಳಿಸುತ್ತೇವೆ” ಎಂಬುದು ಮೂರನೆಯದು. ಇದು ಕಸದ ಡ್ರಮ್ಮಿಗಿಂತ ಖಂಡಿತ ಉತ್ತಮ. ಆಹಾರ ಸುರಕ್ಷತಾ ಪ್ರಾಧಿಕಾರವೂ 2019ರಲ್ಲಿ ಮಿಗುತೆ ಆಹಾರದ ಹಂಚಿಕೆಗೆ ನಿಯಮಗಳನ್ನು ರೂಪಿಸಿದೆ. ಆದರೆ ಇಲ್ಲಿ ಎರಡು ವಿಷಯಗಳನ್ನು ನೆನಪಿಡಬೇಕು. ಒಂದು, ರಾತ್ರಿ ಒಂಬತ್ತಕ್ಕೆ ಬಡಿಸಲು ಇಟ್ಟು ತಣ್ಣಗಾದ ಮಾಂಸದ ಅಡುಗೆಯನ್ನು ಒಂದು ಗಂಟೆಗೆ ಯಾರದೋ ಬಾಗಿಲಿಗೆ ಒಯ್ಯುವುದು ದಾನವಲ್ಲ, ಅಪಾಯ. ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ತಣ್ಣಗೆ ಬಿದ್ದಿದ್ದ ಬೇಯಿಸಿದ ಆಹಾರವನ್ನು ನಾವು ನಮ್ಮ ಮಕ್ಕಳಿಗೆ ಕೊಡುವುದಿಲ್ಲ, ಅನಾಥರಿಗೂ ಕೊಡಬಾರದು. ಎರಡು, ಆ ಹದೀಸ್ ಬಡವರಿಗೆ ಉಳಿದದ್ದನ್ನು ಕಳಿಸುವ ಬಗ್ಗೆ ಹೇಳುತ್ತಿಲ್ಲ, ಅವರನ್ನು ಕರೆಯುವ ಬಗ್ಗೆ ಹೇಳುತ್ತಿದೆ. ಬಡವನಿಗೆ ಹಸಿವು ಮಾತ್ರವಲ್ಲ, ಮರ್ಯಾದೆಯೂ ಇದೆ. ತಾವು ಪ್ರೀತಿಸುವ ಆಹಾರವನ್ನು ದರಿದ್ರನಿಗೆ, ಅನಾಥನಿಗೆ, ಬಂಧಿಗೆ ಉಣಿಸುವವರನ್ನು ಕುರ್‌ಆನ್ ಪ್ರಶಂಸಿಸುತ್ತದೆ. ಪ್ರೀತಿಸುವುದನ್ನು ಕೊಡುವುದು ಬೇರೆ, ಬೇಡವಾದದ್ದನ್ನು ಕೊಡುವುದು ಬೇರೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಮೊದಲನೆಯದಾಗಿ, ಮದುವೆಯ ಮಾತುಕತೆಯಲ್ಲಿ ಆ ವಾಕ್ಯವನ್ನೇ ಬದಲಿಸೋಣ. “ನಮಗೇನೂ ಬೇಡ. ಊಟವೂ ಬೇಡ. ನಿಕಾಹ್ ಮಸೀದಿಯಲ್ಲಿ ನಡೆಯಲಿ, ವಲೀಮಾ ನಾವು ಮಾಡುತ್ತೇವೆ, ನೀವು ಅತಿಥಿಗಳಾಗಿ ಬನ್ನಿ” ಎಂದು ವರನ ತಂದೆ ಹೇಳಲಿ. ಈ ಒಂದು ಮಾತು ಒಬ್ಬ ತಂದೆಯ ಸಾಲವನ್ನೂ, ಒಬ್ಬ ಹೆಣ್ಣುಮಗಳ ಓದನ್ನೂ ಉಳಿಸಬಲ್ಲದು. ಎರಡನೆಯದಾಗಿ, ಮಹಲ್ಲಾದ ಜಮಾಅತ್‌ಗಳು ಕುಳಿತು, ಒಂದು ಅನ್ನ, ಒಂದು ಸಾರು, ಒಂದು ಸಿಹಿ ಎಂಬಂಥ ಒಪ್ಪಂದಕ್ಕೆ ಬರಲಿ. ಬಡವನು ಸರಳವಾಗಿ ಮದುವೆ ಮಾಡಿದರೆ ಜನರು ಅವನ ಕೈ ಖಾಲಿಯೆನ್ನುತ್ತಾರೆ, ಧನಿಕನು ಮಾಡಿದರೆ ಅದನ್ನು ಮಾದರಿಯೆನ್ನುತ್ತಾರೆ. ಆದ್ದರಿಂದ ಮೊದಲ ಹೆಜ್ಜೆಯನ್ನು ಸಮುದಾಯದ ಧನಿಕರೇ ಇಡಬೇಕು.

ಮೂರನೆಯದಾಗಿ, ಕರೆಯೋಲೆಯ ಜೊತೆಗೆ ‘ಎಷ್ಟು ಮಂದಿ ಬರುತ್ತೀರಿ?’ ಎಂದು ಫೋನಿನಲ್ಲಿ ವಿಚಾರಿಸುವ ರೂಢಿಯನ್ನು ಬೆಳೆಸೋಣ. ಕೇಳಿದರೆ ಅತಿಥಿಗೆ ಅವಮಾನವೆಂಬ ಭಾವನೆ ಹೋಗಲಿ. ನಾಲ್ವರು ಬರುತ್ತೇವೆಂದವರು ನಾಲ್ವರೇ ಹೋಗೋಣ, ಬರಲಾಗದಿದ್ದರೆ ಮುಂಚಿತವಾಗಿಯೇ ತಿಳಿಸೋಣ. ನಾಲ್ಕನೆಯದಾಗಿ, ಪಟ್ಟಿ ಬರೆಯುವಾಗ ಮೊದಲ ಹಾಳೆಯಲ್ಲಿ ಮಸೀದಿಯ ಮುಅದ್ದಿನ್, ಬೀದಿಯ ಪೌರಕಾರ್ಮಿಕರು, ಕಾವಲುಗಾರ, ವಿಧವೆಯ ಮನೆ ಇವೆಲ್ಲ ಇರಲಿ. ಅವರಿಗೆ ಮೊದಲ ಪಂಕ್ತಿಯಲ್ಲೇ ಆಸನವಿರಲಿ. ಐದನೆಯದಾಗಿ, ಆದರೂ ಉಳಿಯಬಹುದಾದ ಆಹಾರದ ಬಗ್ಗೆ ಸ್ವಯಂಸೇವಕರೊಂದಿಗೆ ಮುಂಚಿತವಾಗಿಯೇ ಮಾತಾಡಿ, ಮೇಜಿಗೆ ಹೋಗದ ದೇಗ್‌ಗಳನ್ನು ಬಿಸಿಯಾಗಿರುವಾಗಲೇ ಕಳಿಸೋಣ. ರಮಝಾನ್‌ನ ಬೀದಿಗಳಲ್ಲಿ ಅಂಗಡಿ ಇಡುವ ನಮ್ಮ ಸಹೋದರರು ತರಾವೀಹ್‌ನ ವೇಳೆಯಲ್ಲಿ ಸದ್ದು ತಗ್ಗಿಸಲಿ, ದಾರಿ ಬಿಡಲಿ, ತಮ್ಮ ಕಸವನ್ನು ತಾವೇ ಎತ್ತಲಿ. ಮಸೀದಿ ಕಮಿಟಿಗಳೇ ಯುವಕರ ತಂಡ ಕಟ್ಟಿ ಸಹರಿಗೆ ಮುನ್ನ ಬೀದಿ ಗುಡಿಸಿದರೆ, ಅದಕ್ಕಿಂತ ಉತ್ತಮ ಧರ್ಮಪ್ರಚಾರ ಇನ್ನೊಂದಿರಲಾರದು.

ಇನ್ನು ಹೊಟೇಲಿನಲ್ಲಿ ಕುಳಿತಾಗ, ಹಸಿವಿದ್ದಷ್ಟು ಮಾತ್ರ ತರಿಸೋಣ. ಉಳಿದರೆ ಕಟ್ಟಿಸಿಕೊಂಡು ಮನೆಗೆ ಒಯ್ಯಲು ನಾಚದಿರೋಣ. ಹೊಟ್ಟೆಯ ಮೂರನೆಯ ಒಂದು ಭಾಗ ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ಕಲಿತದ್ದು ಪುಸ್ತಕದಲ್ಲೇ ಉಳಿಯದಿರಲಿ. ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವನಿಗೂ ಕೊಡಬೇಕೆಂಬ ಉಪದೇಶ ಅಬೂದರ್(ರ)ರಿಗೆ ಸಿಕ್ಕಿತ್ತು. ಅಪಾರ್ಟ್‌ಮೆಂಟಿನ ಎದುರು ಬಾಗಿಲಿನವರ ಹೆಸರೂ ತಿಳಿಯದ ನಮಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಶ್ರೇಷ್ಠವಾದ ಸತ್ಕಾರಕೂಟ ಯಾವುದಿದೆ?

ಮಾಸ್ಕ್ ರೋಡ್‌ನ ಮಸೀದಿಗೆ ಯಾರ ಹೆಸರಿದೆಯೋ, ಶಿವಾಜಿನಗರದ ಗೋಶಾ ಆಸ್ಪತ್ರೆಯೂ ಅದೇ ಹಾಜಿ ಸರ್ ಇಸ್ಮಾಯೀಲ್ ಸೇಠರ ಹೆಸರನ್ನು ಹೊತ್ತಿದೆ. ಅವರು ದೊಡ್ಡ ವ್ಯಾಪಾರಿಯಾಗಿದ್ದರು. ಅವರ ಕಾಲದಲ್ಲೂ ನಗರದಲ್ಲಿ ಔತಣಗಳು ನಡೆದಿರಬಹುದು. ಯಾರ ಮನೆಯಲ್ಲಿ ಎಷ್ಟು ಬಗೆಯ ಕಬಾಬಿತ್ತೆಂದು ಇಂದು ಹೇಳುವವರಿಲ್ಲ. ಬಡ ಹೆಣ್ಣುಮಕ್ಕಳು ಹೆರಿಗೆಗೆ ಹೋಗುವ ಆ ಆಸ್ಪತ್ರೆ ಮಾತ್ರ ನಿಂತಿದೆ. ನಮ್ಮ ಸಮುದಾಯದಲ್ಲಿ ಒಂದು ವರ್ಷ ಡ್ರಮ್ಮಿಗೆ ಬೀಳುವ ಅನ್ನದ ಬೆಲೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಪದವಿ ಮುಗಿಸಬಹುದೆಂದು ಪ್ರತಿಯೊಂದು ಮಹಲ್ಲಾ ತನ್ನ ಮಟ್ಟಿಗೆ ಲೆಕ್ಕ ಹಾಕಲಿ.

ಟಯರ್ ಅಂಗಡಿಯ ಆ ಸಹೋದರರ ಕಿರಿಯ ಮಗಳಿಗೂ ಒಂದು ದಿನ ಸಂಬಂಧ ಬರುತ್ತದೆ. ಆಗ ಎದುರಿಗೆ ಕುಳಿತ ಹಿರಿಯರು ಯಾವ ಮಾತನ್ನಾಡುವರೆಂಬುದು ನಮ್ಮ ಕೈಯಲ್ಲೇ ಇದೆ. ಏಕೆಂದರೆ ಆ ಹಿರಿಯರು ಬೇರಾರೂ ಅಲ್ಲ, ನಾವೇ.

ಉಣ್ಣುವಾಗ ಕೃತಜ್ಞತೆಯನ್ನೂ, ಉಣಿಸುವಾಗ ನಿಷ್ಕಳಂಕ ಮನಸ್ಸನ್ನೂ, ಕರೆಯುವಾಗ ಬಡವರನ್ನು ಮರೆಯದ ಬುದ್ಧಿಯನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.